ಕ್ಯಾಲೆಂಡರ್‌ನಲ್ಲಿದ್ದ ಕರಿ ಹೊಲ: ಗದಗದಿಂದ ಲಾಂಜರೋಟೆಗೆ ಸೈಕಲ್ ಹೊಡೆಯಲು ಹೋದ ಕಥೆ

ಮೊನ್ನೆ ನಿದ್ದೆಗಣ್ಣಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಇಳಿದು ಮನೆ ಸೇರಿದೆ. ಮೊಣಕೈಗೆ ಹಾಕಿದ ಪಟ್ಟಿ ಇನ್ನೂ ಬಿಚ್ಚಿಲ್ಲ. ಬೂಟು ಕೊಡವಿದರೆ ಈಗಲೂ ಎಳ್ಳಿನಷ್ಟು ದಪ್ಪದ ಕರಿ ಹರಳು ಉದುರುತ್ತವೆ. ಬಂದಾಗಿನಿಂದ ಸಿಕ್ಕವರೆಲ್ಲ ಕೇಳೋದು ಮೂರೇ ಮಾತು. ವೀಸಾ ಹೆಂಗೆ ಸಿಕ್ತು, ಎಷ್ಟು ಖರ್ಚಾಯ್ತು, ನಿಮ್ಮ ವಯಸ್ಸಿಗೆ ಅದು ಆಗುತ್ತಾ. ಪ್ರತಿಯೊಬ್ಬರಿಗೂ ಮೊದಲಿಂದ ಹೇಳಿ ಸಾಕಾಗಿದೆ, ಅದಕ್ಕೇ ಒಂದೇ ಸಲ ಬರೆದುಬಿಡ್ತೀನಿ. ಯಾರಿಗಾದರೂ ಒಂದು ಬೆಂಗಳೂರು ಟ್ರಿಪ್ ಉಳಿದರೂ ಸಾಕು.

ನಮ್ಮದು ಬೆಟಗೇರಿಯಲ್ಲಿ ಸಣ್ಣ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್. ಹತ್ತು-ಹನ್ನೆರಡು ವರ್ಷದ ಹಿಂದೆ ಒಂದು ಗೊಬ್ಬರದ ಅಂಗಡಿಯ ಕ್ಯಾಲೆಂಡರ್ ಮಾಡುವಾಗ ಡಿಸೈನ್ ಸಿಡಿಯಲ್ಲಿದ್ದ ಒಂದು ಫೋಟೋ ಹಾಕಿದ್ದೆ. ಕಪ್ಪನೆ ಗುಡ್ಡ, ಅದರ ತುಂಬ ಬೋಗುಣಿಯಂಥ ಗುಂಡಿ, ಪ್ರತಿ ಗುಂಡಿಯಲ್ಲಿ ಒಂದೇ ಒಂದು ಹಸಿರು ಗಿಡ, ಒಂದು ಬದಿಗೆ ಅರ್ಧಚಂದ್ರದ ಕಲ್ಲಿನ ಗೋಡೆ. ಚೆನ್ನಾಗಿ ಕಾಣ್ತಿತ್ತು, ಸುಮ್ನೆ ಹಾಕಿದೆ. ಡೋಣಿ ಕಡೆಯ ಒಬ್ಬ ಹಿರಿಯ ರೈತರು ಬಿಲ್ ಬುಕ್ ಒಯ್ಯಲು ಬಂದವರು ಅದನ್ನೇ ನೋಡುತ್ತ ನಿಂತು, "ಇದು ಯಾವ ಊರ ಹೊಲಾರೀ? ಗುಂಡ್ಯಾಗ ಯಾಕ ಹಚ್ಯಾರ?" ಅಂದರು. ನನಗೆ ಗೊತ್ತಿರಲಿಲ್ಲ. ಮುಂದಿನ ಸಲ ಬಂದಾಗಲೂ ಅದೇ ಕೇಳಿದರು. ಆಮೇಲೆ ಹುಡುಕಿ ತೆಗೆದೆ. ಆಫ್ರಿಕಾದ ತೀರದಿಂದ ಸುಮಾರು 130 ಕಿ.ಮೀ. ದೂರ ಸಮುದ್ರದಲ್ಲಿರುವ, ಸ್ಪೇನ್ ದೇಶಕ್ಕೆ ಸೇರಿದ ಕೆನರಿ ದ್ವೀಪಗಳಲ್ಲಿ ಒಂದು, ಲಾಂಜರೋಟೆ. ಹೊಲದ ಹೆಸರು ಲಾ ಹೇರಿಯಾ. ಕರಿ ಹರಳೆಲ್ಲ ಜ್ವಾಲಾಮುಖಿ ಉಗುಳಿದ್ದು.

ಸೈಕಲ್ ಹುಚ್ಚು ಹಿಡಿದದ್ದು ಶುಗರ್ ಬಂದ ಮೇಲೆ. ಡಾಕ್ಟರು ನಡೀರಿ ಅಂದರು, ನಾನು ಸೈಕಲ್ ತಗೊಂಡೆ. ಭಾನುವಾರ ನಸುಕಿನಲ್ಲಿ ಡಂಬಳ, ಡೋಣಿ, ಕಪ್ಪತಗುಡ್ಡದ ಬುಡದವರೆಗೆ. ಆ ಕಡೆ ಗಾಳಿ ಎಂಥದ್ದು ಅಂತ ಗದಗಿನವರಿಗೆ ಹೇಳಬೇಕಿಲ್ಲ, ಸುಮ್ನೆನಾ ಅಷ್ಟೊಂದು ಗಾಳಿ ಫ್ಯಾನ್ ನಿಲ್ಲಿಸಿರೋದು? ಲಾಂಜರೋಟೆಗೆ ಯುರೋಪಿನ ಸೈಕಲ್‌ನವರು ಚಳಿಗಾಲದಲ್ಲಿ ಗುಂಪುಗುಂಪಾಗಿ ಹೋಗುತ್ತಾರೆ, 1992ರಿಂದ ಅಲ್ಲಿ ಐರನ್‌ಮ್ಯಾನ್ ರೇಸ್ (ಈಜು, ಸೈಕಲ್, ಓಟ ಮೂರೂ ಒಂದೇ ಸಲಕ್ಕೆ) ನಡೆಯುತ್ತದೆ ಅಂತ ಓದಿದಾಗ ತಲೆಯಲ್ಲಿ ಹುಳ ಬಿಟ್ಟುಕೊಂಡೆ. ಗೈಡ್ ಜೊತೆಗೆ ಹೋಗುವ ವಾರದ ಟೂರ್‌ಗಳೂ ಇವೆ. ಮನೆಯವರು ಒಂದೇ ಮಾತಲ್ಲಿ ಮುಗಿಸಿದರು: "ಇಷ್ಟ ರೊಕ್ಕಾ ಹಾಕಿ ಸೈಕಲ್ ಹೊಡ್ಯಾಕ ಹೋಗೋದ? ಡಂಬಳದ ಹಾದಿ ಪುಕ್ಕಟ ಐತಲ್ರೀ."

ಹೋದ ಅಕ್ಟೋಬರ್‌ನಲ್ಲಿ ಟೂರ್ ಬುಕ್ ಮಾಡಿದೆ. ಇಲ್ಲೇ ನನ್ನ ಮೊದಲ ತಪ್ಪು. ಫೆಬ್ರುವರಿ ಎರಡನೇ ವಾರದ್ದು, 7 ರಾತ್ರಿ, 5 ದಿನ ಸವಾರಿ, ಹೋಟೆಲ್, ಬೆಳಗಿನ ತಿಂಡಿ, ಬಾಡಿಗೆ ಸೈಕಲ್, ಗೈಡ್, ಹಿಂದೆ ಒಂದು ವ್ಯಾನ್, ಎಲ್ಲ ಸೇರಿ 1,280 ಯೂರೋ. 20 ಪರ್ಸೆಂಟ್ ಮುಂಗಡ, ಅದು ವಾಪಸ್ ಇಲ್ಲ. ಉಳಿದದ್ದು ಆರು ವಾರ ಮುಂಚೆ. ಮುಂಗಡ ಕಟ್ಟಿದ ಮೇಲೆ ವೀಸಾ ಸ್ಲಾಟ್, ಅಂದರೆ ಅರ್ಜಿ ಕೊಡಲು ಬರಬೇಕಾದ ದಿನ-ಹೊತ್ತು, ನೋಡಿದೆ. ಒಂದೂ ಇಲ್ಲ. ಮೊದಲು ಸ್ಲಾಟ್ ನೋಡಬೇಕಿತ್ತು, ಆಮೇಲೆ ದುಡ್ಡು. ಷೆಂಗೆನ್ ವೀಸಾಗೆ (ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದಲೇ ಅರ್ಜಿ ಹಾಕಬಹುದು. ಕೊನೆಗೆ ಅಂದರೂ 15 ದಿನ ಮುಂಚೆ ಹಾಕಿರಬೇಕು. ನಾಲ್ಕು ತಿಂಗಳಿದೆಯಲ್ಲ, ಬೇಕಾದಷ್ಟಾಯ್ತು ಅಂತ ನಾನು ಆರಾಮಾಗಿದ್ದೆ.

ಮೂರು ವಾರ ದಿನಾ ಬೆಳಗ್ಗೆ ಎದ್ದು, ಹಲ್ಲುಜ್ಜುವ ಮೊದಲು ಆ ಪುಟ ತೆರೆಯೋದೇ ಕೆಲಸ. ಎಲ್ಲ ತಾರೀಕೂ ಕೆಂಪು. ಒಬ್ಬ ಏಜೆಂಟ್ ಸ್ಲಾಟ್ ಕೊಡಿಸ್ತೀನಿ, 6,000 ಕೊಡಿ ಅಂದ. ಕೊಡಲಿಲ್ಲ, ಆದರೆ ಎರಡು ರಾತ್ರಿ ಕೊಟ್ಟುಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಕೊನೆಗೊಂದು ದಿನ ಡಿಸೆಂಬರ್ ಮೊದಲ ವಾರದ್ದು ಹಸಿರಾಗಿ ಕಂಡಿತು. ಒಟಿಪಿ ಬರುವಷ್ಟರಲ್ಲಿ ಕೈ ನಡುಗ್ತಿತ್ತು.

ಇನ್ನು ಕಾಗದ. ನೌಕರಿಯಲ್ಲಿದ್ದವರಿಗೆ ಸಂಬಳದ ಚೀಟಿ, ರಜೆ ಪತ್ರ ಇದ್ದರೆ ಮುಗಿಯಿತು. ನಮ್ಮಂಥ ಸ್ವಂತ ಧಂದೆಯವರಿಗೆ ರಾಮಾಯಣ. ನಾನು ಒಯ್ದದ್ದು: ಮೂರು ವರ್ಷದ ಐಟಿ ರಿಟರ್ನ್ಸ್, ಜಿಎಸ್‌ಟಿ ನೋಂದಣಿ, ಉದ್ಯಮ್ ಸರ್ಟಿಫಿಕೇಟ್, ಪ್ರೆಸ್‌ನ ಕರೆಂಟ್ ಅಕೌಂಟ್ ಮತ್ತು ನನ್ನ ಉಳಿತಾಯ ಖಾತೆ ಎರಡರದೂ 6 ತಿಂಗಳ ಸ್ಟೇಟ್‌ಮೆಂಟ್ (ಬ್ಯಾಂಕಿನ ಸೀಲು, ಸಹಿ ಹಾಕಿಸಿಯೇ ಒಯ್ಯಿರಿ), ಟೂರ್‌ನವರ ಪತ್ರ, ಹೋಟೆಲ್ ಬುಕಿಂಗ್, ಹೋಗಿಬರುವ ವಿಮಾನದ ರಿಸರ್ವೇಷನ್, ಕನಿಷ್ಠ 30,000 ಯೂರೋ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್, ಬಿಳಿ ಹಿನ್ನೆಲೆಯ ಫೋಟೋ, ಮತ್ತು ನಾನೇ ಯಾಕೆ ಹೋಗ್ತಿದೀನಿ ಅಂತ ಬರೆದ ಪತ್ರ. ಊರಿಗೆ ವಾಪಸ್ ಬಂದೇ ಬರ್ತೀನಿ ಅಂತ ತೋರಿಸಲು ಹೊಲದ ಉತಾರವನ್ನೂ (ಪಹಣಿ) ಇಟ್ಟುಕೊಂಡಿದ್ದೆ.

ರಾತ್ರಿ ರೈಲಿಗೆ ಬೆಂಗಳೂರು. ಸ್ಟೇಷನ್‌ನಲ್ಲೇ ಮುಖ ತೊಳೆದು ಅರ್ಜಿ ಕೇಂದ್ರಕ್ಕೆ ಹೋದೆ. ಹತ್ತು ಗಂಟೆಯ ಅಪಾಯಿಂಟ್‌ಮೆಂಟ್, ಒಳಗೆ ಕರೆದದ್ದು ಹನ್ನೊಂದೂವರೆಗೆ. ಕೌಂಟರ್‌ನ ಹುಡುಗಿ ಒಂದೊಂದೇ ಹಾಳೆ ತಿರುವಿದಳು, ನಮ್ಮ ಪ್ರೆಸ್‌ನಲ್ಲಿ ಪ್ರೂಫ್ ನೋಡುವವರೂ ಅಷ್ಟು ನೋಡಲ್ಲ. ಉತಾರ ಕನ್ನಡದಲ್ಲಿದೆ, ಅನುವಾದ ಬೇಕು ಅಂತ ಪಕ್ಕಕ್ಕಿಟ್ಟಳು. ಇನ್ಶೂರೆನ್ಸ್ ನಾನು ಇಳಿಯುವ ದಿನದಿಂದ ಶುರುವಾಗಿತ್ತು, ಆದರೆ ವಾಪಸ್ ಹೊರಡುವ ದಿನಕ್ಕೆ ಒಂದು ದಿನ ಮುಂಚೆಯೇ ಮುಗಿದಿತ್ತು. ಅದು ನನ್ನದೇ ಲೆಕ್ಕದ ತಪ್ಪು. ಆಮೇಲೆ ಟೂರ್ ಪತ್ರ. ಪಾಸ್‌ಪೋರ್ಟ್‌ನಲ್ಲಿ ನನ್ನ ಹೆಸರಿನ ನಡುವೆ ಇಂಗ್ಲಿಷಿನ ಒಂದು ‘ಎ’ ಇದೆ, ಟೂರ್ ಪತ್ರದಲ್ಲಿ ಇಲ್ಲ. ಯಾಕಂದ್ರೆ ಬುಕ್ ಮಾಡುವಾಗ ನಾನು ದಿನಾ ಬರೆಯುವ ಹಾಗೆ ಬರೆದಿದ್ದೆ. ಜೀವನವಿಡೀ ಬೇರೆಯವರ ಹೆಸರಿನ ಕಾಗುಣಿತ ತಿದ್ದಿ ಲಗ್ನಪತ್ರಿಕೆ ಪ್ರಿಂಟ್ ಮಾಡಿದವನು ನಾನು! ಹೀಗೇ ಕೊಟ್ಟರೆ ಕಳಿಸ್ತೀವಿ, ತಿರಸ್ಕಾರ ಆದರೆ ಫೀಸ್ ಬರಲ್ಲ ಅಂದರು. ಎದ್ದು ಬಂದೆ.

ಅವತ್ತು ಮಧ್ಯಾಹ್ನ ಮೆಜೆಸ್ಟಿಕ್‌ನಲ್ಲಿ ಊಟಕ್ಕೆ ಕೂತಾಗ ನಿಜವಾಗಿಯೂ ಬಿಟ್ಟುಬಿಡೋಣ ಅನ್ನಿಸಿತು. ಮುಂಗಡ ಹೋದರೆ ಹೋಗಲಿ. ಮನೆಗೆ ಫೋನ್ ಮಾಡಿದರೆ, ಹೋಗೋದೇ ಬೇಡ ಅಂದಿದ್ದ ಮನೆಯವರೇ, "ಒಂದ ಅಕ್ಷರಕ್ಕ ಹೆದರಿ ಬರ್ತೀರೇನ್ರೀ?" ಅಂದರು.

ಎರಡನೇ ಸ್ಲಾಟ್ ಹತ್ತು ದಿನದಲ್ಲಿ ಸಿಕ್ಕಿತು. ಅಷ್ಟರಲ್ಲಿ ಇನ್ನೊಂದು ಗಂಟು ಗಮನಕ್ಕೆ ಬಂತು. ನವೆಂಬರ್‌ನಲ್ಲಿ ನಮ್ಮ ಭಾವ ಕೈಗಡ ತಗೊಂಡಿದ್ದ 3 ಲಕ್ಷ ನನ್ನ ಖಾತೆಗೆ ಒಮ್ಮೆಲೇ ಹಾಕಿದ್ದರು. ನಮ್ಮ ಆಡಿಟರ್ ನೋಡಿದವರೇ, "ವೀಸಾ ಸಲುವಾಗಿ ಸಾಲಾ ತಂದು ತೋರಸ್ಯಾನ ಅಂತ ತಿಳಕೋತಾರ" ಅಂದರು. ಭಾವನಿಂದ ಒಂದು ಪತ್ರ, ಹಿಂದೆ ನಾನು ಅವರಿಗೆ ಕೊಟ್ಟಾಗಿನ ಸ್ಟೇಟ್‌ಮೆಂಟ್ ಹಾಳೆ, ಎರಡನ್ನೂ ಸೇರಿಸಿದೆ. ಸವಾರಿಯ ದಿನದಿನದ ಪಟ್ಟಿಯನ್ನೂ ಹಾಕಿದೆ, ಯಾವತ್ತು ಯಾವ ಊರಿಂದ ಯಾವ ಊರಿಗೆ ಅಂತ. ಈ ಸಲ ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಬೆರಳಚ್ಚು, ಫೋಟೋ, ವೀಸಾ ಫೀಸ್ 90 ಯೂರೋ, ಜೊತೆಗೆ ಸೇವಾ ಶುಲ್ಕ, ಕೊರಿಯರ್.

ಆಮೇಲೆ ಕಾಯೋದು. ನಿಯಮದ ಪ್ರಕಾರ 15 ದಿನ, ಬೇಕಾದರೆ 45 ದಿನದವರೆಗೂ ಎಳೆಯಬಹುದು. ನಡುವೆ ಕ್ರಿಸ್ಮಸ್ ಬಂತು. ಟೂರ್‌ನ ಉಳಿದ ದುಡ್ಡು ಕಟ್ಟುವ ಗಡುವೂ ಬಂತು. ಅವರಿಗೆ ಸುಮ್ನೆ ಇದ್ದದ್ದನ್ನು ಇದ್ದ ಹಾಗೆ ಬರೆದೆ, ಹತ್ತು ದಿನ ಕೊಟ್ಟರು. ಕೇಳಿ ನೋಡಿ, ಕೇಳೋದಕ್ಕೆ ದುಡ್ಡಿಲ್ಲ. ಜನವರಿ ಮೊದಲ ವಾರ, ಇಪ್ಪತ್ತನೇ ದಿನ, ಕೊರಿಯರ್‌ನವನು ಪ್ರೆಸ್ ಬಾಗಿಲಿಗೆ ಬಂದ. ಕವರ್ ಹರಿಯುವಾಗ ಮಷಿನ್ ನಿಲ್ಲಿಸಿ ಹುಡುಗರೆಲ್ಲ ಸುತ್ತ ನಿಂತಿದ್ದರು. ಸ್ಟಿಕರ್ ಇತ್ತು! ಖುಷಿಯಲ್ಲಿ ಹಾಗೇ ಮಡಚಿಡಬೇಡಿ. ಹೆಸರು, ತಾರೀಕು, ‘ಡ್ಯೂರೇಷನ್ ಆಫ್ ಸ್ಟೇ’ ಅಂತ ಇರುವ ದಿನಗಳ ಸಂಖ್ಯೆ ಮೂರನ್ನೂ ಅಲ್ಲೇ ನೋಡಿ. ಇಳಿಯುವ ದಿನ, ಹೊರಡುವ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ.

ವೀಸಾ ಬರುವ ತನಕ ಟಿಕೆಟ್ ಖರೀದಿ ಮಾಡಬಾರದು ಅಂತ ಕಾದದ್ದಕ್ಕೆ 64,000 ಇದ್ದದ್ದು 81,000 ಆಗಿತ್ತು. ಬೆಂಗಳೂರಿಂದ ಗಲ್ಫ್ ಮೇಲೆ ಮ್ಯಾಡ್ರಿಡ್, ಅಲ್ಲಿಂದ ಲಾಂಜರೋಟೆಯ ಅರೆಸಿಫೆ. ಮ್ಯಾಡ್ರಿಡ್‌ನಲ್ಲಿ ಇಮಿಗ್ರೇಷನ್ ಆಗಬೇಕು, ಆದ್ದರಿಂದ ಮುಂದಿನ ವಿಮಾನಕ್ಕೆ ನಾಲ್ಕು ತಾಸಾದರೂ ಇಟ್ಟುಕೊಳ್ಳಿ. ಇನ್ನೊಂದು, ನನ್ನ ಸ್ವಂತ ಪೆಡಲ್, ಸೀಟು, ಬೂಟು ಒಯ್ದಿದ್ದೆ. ಬಾಡಿಗೆ ಸೈಕಲ್ ಎಷ್ಟೇ ಒಳ್ಳೆಯದಿರಲಿ, ಸೀಟು ನಮ್ಮದಿದ್ದರೆ ಐದು ದಿನ ಕೂರಬಹುದು. ಆದರೆ ಪೆಡಲ್ ಬಿಚ್ಚುವ ಸ್ಪ್ಯಾನರ್ ಕೈಚೀಲದಲ್ಲಿ ಬಿಟ್ಟಿದ್ದೆ, ಬೆಂಗಳೂರು ಸೆಕ್ಯುರಿಟಿಯಲ್ಲೇ ಅದಕ್ಕೆ ವಿದಾಯ. ಧಾರವಾಡ ಪೇಡೆ ಒಯ್ಯಲಿಲ್ಲ, ಹೊರದೇಶದಿಂದ ಯುರೋಪಿಗೆ ಹಾಲಿನ ಪದಾರ್ಥ ತರಬಾರದು ಅಂತ ಇದೆ. ಬದಲಿಗೆ ಮನೆಯವರು ಎಣ್ಣೆ ಹಚ್ಚಿ ಬೇಯಿಸಿದ 30 ಶೇಂಗಾ ಹೋಳಿಗೆ.

ಅರೆಸಿಫೆಯಲ್ಲಿ ಇಳಿದಾಗ ಮೊದಲು ಕಂಡದ್ದು ಬಣ್ಣ. ಕರಿ ನೆಲ, ಬಿಳಿ ಮನೆ, ಬೇರೆ ಬಣ್ಣ ಬಹಳ ಇಲ್ಲ. ಊರು ಹೀಗೇ ತಗ್ಗಾಗಿ, ಬಿಳಿಯಾಗಿ ಉಳಿಯಬೇಕು, ರಸ್ತೆ ಬದಿ ದೊಡ್ಡ ಜಾಹೀರಾತು ಫಲಕ ಬರಬಾರದು ಅಂತ ಹಠ ಹಿಡಿದವರು ಅಲ್ಲಿನ ಕಲಾವಿದ ಸೆಸಾರ್ ಮಾನ್ರಿಕೆ. ವಿಮಾನ ನಿಲ್ದಾಣಕ್ಕೂ ಈಗ ಅವರದೇ ಹೆಸರು. ಫ್ಲೆಕ್ಸ್ ಪ್ರಿಂಟ್ ಮಾಡಿ ಹೊಟ್ಟೆ ಹೊರೆಯುವ ನನಗೆ ಸ್ವಲ್ಪ ಇರಿಸುಮುರಿಸಾಯ್ತು ಬಿಡಿ.

ಗುಂಪಿನಲ್ಲಿ ಎಂಟು ಜನ. ಜರ್ಮನ್ ದಂಪತಿ, ಇಂಗ್ಲೆಂಡಿನ ನಾಲ್ಕು ನಿವೃತ್ತರು, ಒಬ್ಬ ಡಚ್ಚರವ, ನಾನು. ಗೈಡ್ ಆ ದ್ವೀಪದಲ್ಲೇ ಹುಟ್ಟಿದ ಹೆಣ್ಣುಮಗಳು, ನಲವತ್ತರ ಆಸುಪಾಸು, ಕಾಲು ಕಬ್ಬಿಣ. ಮೊದಲ ದಿನ ಸೈಕಲ್ ಹೊಂದಿಸಿಕೊಡುತ್ತ ಆಕೆ ಎರಡು ಸಲ ಹೇಳಿದ ಮಾತು: ಇಲ್ಲಿ ಎಡಗೈ ಬ್ರೇಕು ಮುಂದಿನ ಗಾಲಿಗೆ. ನನ್ನ ಊರಿನ ಸೈಕಲ್‌ನಲ್ಲಿ ಅದು ಬಲಗೈಗೆ. ಬದಲಾಯಿಸಿ ಕೊಡಲಾ ಅಂತಲೂ ಕೇಳಿದಳು. ಪರವಾಗಿಲ್ಲ ಅಂದೆ. ಬದಲಾಯಿಸಿಕೊಳ್ಳಿ. ದಯವಿಟ್ಟು.

ಊರ ಹೊರಗೆ ಹೆಲ್ಮೆಟ್ ಅಲ್ಲಿ ಕಡ್ಡಾಯ. ಕಾರಿನವರು ಸೈಕಲ್ ದಾಟುವಾಗ ಒಂದೂವರೆ ಮೀಟರ್ ಬಿಟ್ಟೇ ಹೋಗಬೇಕು ಅಂತ ಕಾನೂನು, ಹಾಗೇ ಹೋಗ್ತಾರೆ ಕೂಡ. ಮುಂಡರಗಿ ರಸ್ತೆಯ ಮರಳಿನ ಟಿಪ್ಪರ್‌ಗಳಿಗೆ ಹೆದರಿ ಕಲಿತ ನನಗೆ, ಹಿಂದೆ ಒಂದು ಬಸ್ಸು ಹಾರ್ನ್ ಹೊಡೆಯದೆ ಎರಡು ನಿಮಿಷ ನಿಧಾನವಾಗಿ ಬರ್ತಿದೆ ಅಂದರೆ ಮೊದಮೊದಲು ಭಯವೇ ಆಗ್ತಿತ್ತು. ಬಲಕ್ಕೆ ಚಲಿಸೋದು ಅಷ್ಟು ಕಷ್ಟವಲ್ಲ, ಮುಂದಿನವರನ್ನು ಹಿಂಬಾಲಿಸಿದರಾಯ್ತು. ಸರ್ಕಲ್ ಬಂದಾಗ ಮಾತ್ರ ತಲೆ ತಿರುಗುತ್ತದೆ, ಅಲ್ಲಿ ಎಡಕ್ಕೆ ನೋಡಿ ನುಗ್ಗಬೇಕು.

ಗಾಳಿ ವಿಷಯಕ್ಕೆ ಬರ್ತೀನಿ, ಗೈಡ್ ಬೇಕು ಅಂತ ನಾನು ಹೇಳೋದೇ ಇದಕ್ಕೆ. ಅಲ್ಲಿ ಈಶಾನ್ಯದಿಂದ ವಾಣಿಜ್ಯ ಮಾರುತ ಬೀಸುತ್ತೆ, ಅವರು ಅಲಿಸಿಯೋಸ್ ಅಂತಾರೆ. ಮರ ಇಲ್ಲ, ಎತ್ತರದ ಕಟ್ಟಡ ಇಲ್ಲ, ತಡೆಯೋದು ಏನೂ ಇಲ್ಲ. ಗೈಡ್ ದಿನಾ ಬೆಳಗ್ಗೆ ಗಾಳಿ ನೋಡಿ ದಾರಿ ತಿರುವಿ ಹಾಕ್ತಿದ್ದಳು. ಕಾಲಲ್ಲಿ ಕಸುವಿರುವಾಗ ಗಾಳಿಗೆ ಎದುರು, ದಣಿದ ಮೇಲೆ ಗಾಳಿ ಬೆನ್ನಿಗೆ. ಅಡ್ಡಗಾಳಿ ಬಂದಾಗ ಒಬ್ಬರ ಹಿಂದೆ ಒಬ್ಬರು ನೇರ ಹೋಗದೆ, ಓರೆ ಸಾಲಿನಲ್ಲಿ ಹೋಗಬೇಕು, ಆಗ ಪಕ್ಕದವರ ಮರೆ ಸಿಗುತ್ತೆ. ಡೋಣಿ ದಾರಿಯಲ್ಲಿ ಇಷ್ಟು ವರ್ಷ ಒಬ್ಬನೇ ಗುದ್ದಾಡಿದ್ದೆ, ಇದು ಯಾರೂ ಹೇಳಿರಲಿಲ್ಲ. ಇಂಗ್ಲೆಂಡಿನವರು ಗಾಳಿಗೆ ಬೈಯುವಾಗ ನಾನು ಬಾಯಿ ಮುಚ್ಚಿಕೊಂಡು ತುಳೀತಿದ್ದೆ, ಆಕೆ ಹಿಂದೆ ತಿರುಗಿ ನೋಡಿ, ನೀನು ಗಾಳಿ ಊರವನು ಅಂತ ನಕ್ಕಳು.

ಎರಡನೇ ದಿನ ಲಾ ಹೇರಿಯಾ. ಊಗಾ ಅನ್ನೋ ಹಳ್ಳಿ ದಾಟಿ ಸಣ್ಣ ಏರು, ಒಂದು ತಿರುವು, ನನ್ನ ಕ್ಯಾಲೆಂಡರ್ ಪೂರ್ತಿ ಗುಡ್ಡದ ಮೇಲೆ ಹರಡಿಕೊಂಡಿತ್ತು. ನಿಲ್ಲಿಸಿ ಅಂತ ಕೂಗಿದೆ. ಸೈಕಲ್ ಗೋಡೆಗೆ ಒರಗಿಸಿ ಒಂದು ಗುಂಡಿಯ ಅಂಚಿಗೆ ಕೂತೆ. ನನ್ನ ಎತ್ತರ ಮೀರುವ ಆಳ, ಇಳಿಜಾರು ನುಣ್ಣಗೆ, ತಳದಲ್ಲಿ ಒಂದು ದ್ರಾಕ್ಷಿ ಬಳ್ಳಿ. ಫೆಬ್ರುವರಿ ಆದ್ದರಿಂದ ಎಲೆ ಇಲ್ಲ, ಒಣಗಿದ ಗಂಟುಗಂಟು ಕಾಂಡ ನೆಲಕ್ಕೆ ಮಲಗಿತ್ತು. ಕ್ಯಾಲೆಂಡರ್‌ನ ಹಸಿರು ಬೇಕಾದವರು ಬೇಸಿಗೆಗೆ ಹೋಗಿ. ಹರಳು ಮುಷ್ಟಿಯಲ್ಲಿ ಹಿಡಿದರೆ ಭಾರವೇ ಇಲ್ಲ, ಪುರಿ ಹಿಡಿದಂತೆ, ಒಳಗೆಲ್ಲ ತೂತು. ಮೇಲಿನದು ಬಿಸಿಲಿಗೆ ಬೆಚ್ಚಗೆ, ಬೆರಳು ಒಳಗೆ ಹಾಕಿದರೆ ತಂಪು, ಇನ್ನೂ ಒಳಗೆ ಹಸಿ. ವರ್ಷಕ್ಕೆ ಸುಮಾರು 150 ಮಿ.ಮೀ. ಮಳೆ ಬೀಳುವ ಊರಲ್ಲಿ ಹಸಿ! ಗೈಡ್ ವಿವರಿಸಿದಳು: ಜ್ವಾಲಾಮುಖಿಯ ಹರಳು ಊರಿನ ಒಳ್ಳೆ ಮಣ್ಣನ್ನೆಲ್ಲ ಮುಚ್ಚಿತು, ಜನ ಗುಂಡಿ ತೋಡಿ ಅಡಿಯ ಮಣ್ಣು ಮುಟ್ಟಿ ಗಿಡ ನೆಟ್ಟರು. ಆಮೇಲೆ ತಿಳಿಯಿತು, ಮುಚ್ಚಿದ ಹರಳೇ ರಾತ್ರಿಯ ಇಬ್ಬನಿ ಹೀರಿ ಕೆಳಗೆ ಬಿಡುತ್ತೆ, ಹಗಲಲ್ಲಿ ಮಣ್ಣಿನ ತೇವ ಆರಲು ಬಿಡಲ್ಲ ಅಂತ. ಅರ್ಧಚಂದ್ರದ ಗೋಡೆ ಗಾಳಿಗೆ. ಮಷಿನ್ ಇಳಿಯಲ್ಲ, ಎಲ್ಲ ಕೈಕೆಲಸ. ಒಂದು ಹೆಕ್ಟೇರ್‌ಗೆ ಸುಮಾರು 300 ಬಳ್ಳಿ ಅಷ್ಟೇ ಕೂರೋದು. ಅದರಿಂದ ಮಾಲ್ವಸಿಯಾ ಅನ್ನೋ ವೈನ್ ಮಾಡ್ತಾರೆ. ನಾನು ಕುಡಿಯಲ್ಲ, ಮೂಸಿ ನೋಡಿ ಡಚ್ಚರವನಿಗೆ ಕೊಟ್ಟೆ.

ಮೂರನೇ ದಿನ ತಿಮಾನ್‌ಫಾಯ, ಜ್ವಾಲಾಮುಖಿಗಳ ರಾಷ್ಟ್ರೀಯ ಉದ್ಯಾನ. ಯಾಯ್ಸಾ ಊರಿಂದ ಮಾಂಚಾ ಬ್ಲಾಂಕಾ ಕಡೆಗೆ ಹೋಗುವ ರಸ್ತೆ ಲಾವಾದ ನಡುವೆಯೇ ಸೀಳಿಕೊಂಡು ಹೋಗುತ್ತೆ. ರಂಟೆ ಹೊಡೆದು ಹೆಂಟೆ ಎದ್ದ ಎರಿ ಹೊಲ ನೋಡಿದ್ದೀರಲ್ಲ, ಥೇಟ್ ಹಾಗೇ, ಕಣ್ಣು ಹಾಯುವ ತನಕ. ಆದರೆ ಈ ಹೆಂಟೆ ಮಳೆಗೆ ಕರಗಲ್ಲ. ಮುಟ್ಟಲು ಹೋದೆ, ಗ್ಲೌಸ್‌ನ ದಾರ ಕಿತ್ತು ಬಂತು. ಹತ್ತಿರದಿಂದ ನೋಡಿದರೆ ಅದರ ಮೇಲೆ ಬೂದಿ ಬಣ್ಣದ ಕಲ್ಲುಹೂವು ಹಬ್ಬಿದೆ. ಸುಮಾರು ಮುನ್ನೂರು ವರ್ಷದಲ್ಲಿ ಅಲ್ಲಿ ಬಹುಪಾಲು ಬೆಳೆದದ್ದು ಅಷ್ಟೇ.

1730ರ ಸೆಪ್ಟೆಂಬರ್ 1ರ ರಾತ್ರಿ, 9 ಮತ್ತು 10 ಗಂಟೆಯ ನಡುವೆ ನೆಲ ಬಾಯಿ ಬಿಟ್ಟಿತು ಅಂತ ಯಾಯ್ಸಾದ ಪಾದ್ರಿ ಬರೆದಿಟ್ಟಿದ್ದಾರೆ. ನಿಂತದ್ದು 1736ರ ಏಪ್ರಿಲ್‌ನಲ್ಲಿ. ಐದೂವರೆ ವರ್ಷದ ಮೇಲೆ! ಹಳ್ಳಿಗಳು ಮುಚ್ಚಿಹೋದವು, ದ್ವೀಪದ ಸುಮಾರು ಕಾಲು ಭಾಗ ಲಾವಾ ಕೆಳಗೆ ಹೋಯಿತು. 1824ರಲ್ಲಿ ಇನ್ನೊಮ್ಮೆ ಸಣ್ಣದಾಗಿ ಎದ್ದಿತ್ತು, ಅದೇ ಕೊನೆ. ಮಾಂಚಾ ಬ್ಲಾಂಕಾದಲ್ಲಿ ದೊಲೊರೆಸ್ ಮಾತೆಯ ಗುಡಿ ಇದೆ. ಲಾವಾ ಊರಿಗೆ ಬರುವಾಗ ಜನ ದೇವಿಯನ್ನು ಹೊತ್ತು ಎದುರಿಗೆ ಹೋದರಂತೆ, ಲಾವಾ ನಿಂತಿತಂತೆ. ಗುಡಿ ಕಟ್ಟಿಸ್ತೀವಿ ಅಂತ ಹರಕೆ ಹೊತ್ತು ಮರೆತರಂತೆ, ದೇವಿ ಕುರಿ ಕಾಯುವ ಹುಡುಗಿಗೆ ಕಾಣಿಸಿಕೊಂಡು ನೆನಪು ಮಾಡಿದಳಂತೆ. ನಮ್ಮ ದ್ಯಾಮವ್ವನ ಕಥೆ ಕೇಳಿದ ಹಾಗೇ ಆಯ್ತು. ಕೈ ಮುಗಿದು ಬಂದೆ.

ಒಂದು ಮಾತು. ರಸ್ತೆಯಲ್ಲಿ ಸೈಕಲ್ ಹೊಡೆಯಬಹುದೇ ಹೊರತು, ಉದ್ಯಾನದ ಒಳಗಿನ ಜ್ವಾಲಾಮುಖಿ ಬಾಯಿಗಳ ಸುತ್ತು ದಾರಿಗೆ ಅವರದೇ ಬಸ್ಸಿನಲ್ಲಿ ಹೋಗಬೇಕು, ಇಳಿಯುವಂತಿಲ್ಲ. ಬಸ್ಸು ಹತ್ತುವ ಜಾಗದಲ್ಲಿ ನೆಲದ ತೂತಿಗೆ ಒಣ ಕಂಟಿ ತುರುಕುತ್ತಾರೆ, ಎರಡು ಕ್ಷಣದಲ್ಲಿ ಭಗ್ ಅಂತ ಹತ್ತಿಕೊಳ್ಳುತ್ತೆ. ಪೈಪಿಗೆ ಬಕೆಟ್ ನೀರು ಸುರಿದರೆ ಹಬೆಯಾಗಿ ಆಕಾಶಕ್ಕೆ ಚಿಮ್ಮುತ್ತೆ. ಅಲ್ಲಿನ ಹೋಟೆಲ್‌ನವರು ಅದೇ ನೆಲದ ಕಾವಿನ ಮೇಲೆ ಅಡುಗೆ ಮಾಡ್ತಾರೆ. ಕಲ್ಲು ಮಾತ್ರ ಎತ್ತಬೇಡಿ, ಒಂದು ಚೂರೂ ಒಯ್ಯುವಂತಿಲ್ಲ.

ಬಿದ್ದದ್ದು ನಾಲ್ಕನೇ ದಿನ. ಫೆಮೆಸ್ ಅನ್ನೋ ಊರಿನ ಏರು ಕಡಿದು, ಹತ್ತಿ ಮುಗಿಸಿದ ಹೆಮ್ಮೆಯಲ್ಲಿ ಇಳೀತಿದ್ದೆ. ಗುಡ್ಡದ ಸಂದಿಯಿಂದ ಒಮ್ಮೆಲೇ ಅಡ್ಡಗಾಳಿ ಹೊಡೆಯಿತು, ಸೈಕಲ್ ಒಂದು ಮೊಳ ಪಕ್ಕಕ್ಕೆ ಹೋಯ್ತು, ಹೆದರಿ ಹಿಂದಿನ ಬ್ರೇಕ್ ಅಂತ ಎಡಗೈ ಒತ್ತಿದೆ. ಮುಂದಿನ ಗಾಲಿ ಜಾರಿತು. ರಸ್ತೆ ಬದಿಯ ಹರಳಿನಲ್ಲಿ ಮೊಣಕೈ ಉಜ್ಜಿಕೊಂಡು ಹೋದೆ. ವ್ಯಾನ್ ಹಿಂದೆಯೇ ಇತ್ತು. ಗೈಡ್ ಸಲೈನ್ ಸುರಿದು, ಚಿಮಟದಿಂದ ಒಂದೊಂದೇ ಹರಳು ತೆಗೆದಳು, ಹದಿನೇಳು ಅಂತ ಲೆಕ್ಕ ಹೇಳಿದಳು. ಉಳಿದ ದಾರಿ ವ್ಯಾನ್‌ನಲ್ಲಿ. ಹಾನೂಬಿಯೋದ ಉಪ್ಪಿನ ಮಡಿಗಳನ್ನು ಕಿಟಕಿಯಿಂದಲೇ ನೋಡಿದೆ. ಸಂಜೆ ಪಾಲಿಸಿ ಕಾಗದ ತೆಗೆದು ಓದಿದರೆ ‘ಸಾಹಸ ಕ್ರೀಡೆ’ಗೆ ಕವರ್ ಇಲ್ಲ ಅಂತ ಇತ್ತು. ಸೈಕಲ್ ಅದರೊಳಗೆ ಬರುತ್ತೋ ಇಲ್ಲವೋ ಅಂತ ಪಾಲಿಸಿ ಕೊಳ್ಳುವ ಮುಂಚೆಯೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಡಾಕ್ಟರ್ ತನಕ ಹೋಗುವ ಪ್ರಸಂಗ ಬರಲಿಲ್ಲ, ಪುಣ್ಯ.

ಮರುದಿನ ಬೆಳಗ್ಗೆ ಕಿಟಕಿ ತೆಗೆದರೆ ಆಕಾಶ ಹಳದಿ. ಸಹಾರಾ ಮರುಭೂಮಿಯ ದೂಳು, ಕಲೀಮಾ ಅಂತಾರೆ. ಗೈಡ್ ಸವಾರಿ ರದ್ದು ಮಾಡಿದಳು, ಉಸಿರಿಗೆ ಒಳ್ಳೆಯದಲ್ಲ ಅಂತ. ಗುಂಪಿನವರಿಗೆ ಬೇಜಾರು, ನನಗೆ ಒಳಗೊಳಗೇ ಸಮಾಧಾನ, ಮೊಣಕೈ ಮಡಚಲು ಬರ್ತಿರಲಿಲ್ಲ. ವ್ಯಾನ್‌ನಲ್ಲಿ ಲಾವಾ ಹರಿದು ಆದ ಸುರಂಗ ನೋಡಲು ಹೋದೆವು. ಕೊರೋನಾ ಅನ್ನೋ ಜ್ವಾಲಾಮುಖಿಯಿಂದ ಸಮುದ್ರದ ತನಕ, ಆಮೇಲೆ ಸಮುದ್ರದ ಅಡಿಯಲ್ಲೂ ಹೋಗಿದೆ. ಹಾಮೆಯೋಸ್ ಅನ್ನೋ ಕಡೆ ಒಳಗಿನ ಕೊಳದಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ, ಬಿಳಿ, ಕುರುಡು ಏಡಿಗಳಿವೆ, ಕತ್ತಲ ನೀರಲ್ಲಿ ನಕ್ಷತ್ರ ಚೆಲ್ಲಿದ ಹಾಗೆ. ಪಕ್ಕದ ವೆರ್ದೆಸ್ ಗುಹೆಯ ಕೊನೆಯಲ್ಲಿ ಒಂದು ಗುಟ್ಟಿದೆ. ನೋಡಿದವರು ಯಾರಿಗೂ ಹೇಳಬಾರದು ಅಂತ ಅಲ್ಲಿ ಪದ್ಧತಿ, ನಾನೂ ಹೇಳಲ್ಲ.

ಊಟದ ಬಗ್ಗೆ. ನಾನು ಶುದ್ಧ ಶಾಕಾಹಾರಿ, ಉಪವಾಸವೇನೂ ಬೀಳಲಿಲ್ಲ. ಸಣ್ಣ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಬೇಯಿಸಿ, ಸಿಪ್ಪೆ ಸುಕ್ಕಾಗಿ ಉಪ್ಪು ಹೊಳೆಯುವ ಹಾಗೆ ಮಾಡಿ ಕೊಡ್ತಾರೆ. ಜೊತೆಗೆ ಕೆಂಪು ಮೊಹೊ ಅಂತ ಒಂದು ಚಟ್ನಿ, ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಎಣ್ಣೆ. ರಂಜಕದ ಸಣ್ಣ ತಮ್ಮ, ಖಾರ ಸ್ವಲ್ಪ ಕಮ್ಮಿ. ಗೋಫಿಯೊ ಅಂತ ಹುರಿದ ಕಾಳಿನ ಹಿಟ್ಟಿದೆ, ಅದರ ಉಂಡೆ ಬಾಯಿಗೆ ಹಾಕಿದರೆ ಪಂಚಮಿಯ ತಂಬಿಟ್ಟು. ಮೀನಿನ ಸಾರಲ್ಲೂ ಅದನ್ನು ಕಲಸ್ತಾರೆ, ಕೇಳಿಯೇ ತಿನ್ನಿ. ಶೇಂಗಾ ಹೋಳಿಗೆ ಮಾತ್ರ ಮೂರೇ ದಿನಕ್ಕೆ ಖಾಲಿ, ಜರ್ಮನ್ನರ ಎನರ್ಜಿ ಬಾರ್‌ಗೆ ಬದಲು ವ್ಯಾಪಾರ ಮಾಡಿದೆ. ನನಗೇ ಲುಕ್ಸಾನು.

ಕೊನೆಯ ದಿನ ಉತ್ತರಕ್ಕೆ. ತಬಯೆಸ್ಕೊದಿಂದ ಆರಿಯಾ ಕಡೆಗೆ ಸುಮಾರು 10 ಕಿ.ಮೀ. ಏರು, ಹಾವಿನ ಹಾಗೆ ಸುತ್ತಿ ಹೋಗುತ್ತೆ, ಕಡಿದಾಗಿಲ್ಲ, ಆದರೆ ಮುಗಿಯಲ್ಲ. ಮೇಲೆ ಹೋದ ಮೇಲೆ ಕೆಳಗೆ ಕಣಿವೆಯಲ್ಲಿ ಈಚಲದಂಥ ಮರಗಳ ತೋಪು, ಅಷ್ಟು ಹಸಿರು ಆ ದ್ವೀಪದಲ್ಲಿ ಬೇರೆಲ್ಲೂ ಕಾಣಲಿಲ್ಲ. ಇನ್ನೂ ಮುಂದೆ ಮಿರಾದೋರ್ ದೆಲ್ ರಿಯೋ, ಕಡಲಿಂದ 400 ಮೀಟರ್‌ಗೂ ಮೇಲಿನ ಬಂಡೆಯಲ್ಲಿ ಮಾನ್ರಿಕೆಯವರು ಅಡಗಿಸಿ ಕಟ್ಟಿದ ನೋಟದ ಜಾಗ. ಎಲ್ಲರಿಗಿಂತ ಕೊನೆಗೆ ಮುಟ್ಟಿದೆ, ಒಂದೂವರೆ ಕೈಯಲ್ಲಿ ಹ್ಯಾಂಡಲ್ ಹಿಡಿದು. ಗೈಡ್ ಮಾತಾಡದೆ ನೀರಿನ ಬಾಟಲಿ ಕೊಟ್ಟಳು.

ಖರ್ಚು ಕೇಳ್ತೀರಿ ಅಂತ ಗೊತ್ತು. ಯೂರೋಗೆ ನೂರು ರೂಪಾಯಿಗಿಂತ ಜಾಸ್ತಿ ಕೊಟ್ಟೆ. ಟೂರ್, ವಿಮಾನ, ವೀಸಾ, ಇನ್ಶೂರೆನ್ಸ್, ಎರಡು ಸಲದ ಬೆಂಗಳೂರು, ಅಲ್ಲಿನ ಮಧ್ಯಾಹ್ನ-ರಾತ್ರಿ ಊಟ, ಎಲ್ಲ ಸೇರಿ 2 ಲಕ್ಷ 80 ಸಾವಿರದ ಹತ್ತಿರ. ಮುಂಚೆಯೇ ಟಿಕೆಟ್ ತೆಗೆಯುವ ಧೈರ್ಯ ಇದ್ದವರಿಗೆ ಇಪ್ಪತ್ತು ಸಾವಿರ ಉಳಿಯಬಹುದು. ಟೂರ್ ಪ್ಯಾಕೇಜನ್ನು ಇಲ್ಲಿಯ ಏಜೆನ್ಸಿ ಮೂಲಕ ತಗೊಂಡರೆ ಟಿಸಿಎಸ್ (ಮುಂಗಡ ತೆರಿಗೆ) ಹಿಡೀತಾರೆ, ರಿಟರ್ನ್ಸ್ ಹಾಕುವಾಗ ಅದನ್ನು ಲೆಕ್ಕಕ್ಕೆ ತಗೊಳ್ಳಲು ಮರೆಯಬೇಡಿ.

ಡೋಣಿಯ ಆ ಹಿರಿಯರು ನಿನ್ನೆ ಪ್ರೆಸ್‌ಗೆ ಬಂದಿದ್ದರು. ಈಗ ಎಪ್ಪತ್ತು ದಾಟಿದೆ, ಕ್ಯಾಲೆಂಡರ್ ಮರೆತಿರಬಹುದು ಅಂದುಕೊಂಡಿದ್ದೆ. ಮೊಬೈಲ್ ತೋರಿಸಿದ ಕೂಡಲೇ, "ಅದಾ ಗುಂಡಿ ಹೊಲ ಅಲ್ಲೇನ್ರೀ" ಅಂದರು. ಹರಳು, ಇಬ್ಬನಿ, ಗೋಡೆ ಎಲ್ಲ ಹೇಳಿದೆ. ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದರು.

"ಎಕರೆಕ್ಕ ಎಷ್ಟ ಬಳ್ಳಿ ಬೀಳತಾವ?"

ಹೆಕ್ಟೇರ್ ಲೆಕ್ಕದಿಂದ ಇಳಿಸಿ, ನೂರಿಪ್ಪತ್ತು ಇರಬಹುದು ಅಂದೆ.

"ನೂರಿಪ್ಪತ್ತ? ಅದಕ್ಕ ಆ ಪರಿ ತೋಡ್ಯಾರ?" ಮೊಬೈಲ್ ನನ್ನ ಕೈಗೆ ವಾಪಸ್ ಕೊಟ್ಟರು. "ಆಳಿನ ಪಗಾರರೆ ಹೊಂಡತೈತೇನ್ರೀ?"

ಅದೊಂದು ನಾನು ಕೇಳಿಕೊಂಡು ಬಂದಿರಲಿಲ್ಲ.